ಕೋಳಿಯ ಹಿಂದಿನ ಕೋಣೆ

ಮಿಸ್ ಆರ್ಡಿತ್ ಪ್ರೂಯಿಟ್ ನಲವತ್ತೊಂದು ವರ್ಷ ಒಂದು ಕೋಳಿಯ ಬಾಲದ ಕೆಳಗೆ ಬಾಳಿದರು. ಸಿಮೆಂಟಿನ ಕೋಳಿ, ಎರಡು ಮಹಡಿ ಎತ್ತರ. ಒಕ್ಲಹೋಮಾದ ಹಳೆಯ ಹೆದ್ದಾರಿಯ ಪಕ್ಕದಲ್ಲಿ ಕಾವಿಗೆ ಕೂತ ಹಾಗೆ ಕೂತಿದೆ. ಎದೆಯಲ್ಲಿ ಬಾಗಿಲು, ಹೊಟ್ಟೆಯೊಳಗೆ ಆರು ಮೇಜು. ಟ್ರಕ್ಕಿನವರು ಕೋಳಿಯೊಳಗೆ ಕೂತು ಕೋಳಿ ತಿನ್ನುತ್ತಿದ್ದ ಕಾಲವೊಂದಿತ್ತು. ಹೊಸ ರಸ್ತೆ ಆಚೆ ಹೋಯಿತು, ಟ್ರಕ್ಕುಗಳೂ ಹೋದವು, ಮರುವರ್ಷ ಗಂಡ ಆರ್ವಲ್ ಕೂಡ ಹೋದರು. (ನಮ್ಮ ಕಡೆ ಮದುವೆಯಾದ ಹಿರಿಯರನ್ನೂ ಮಿಸ್ ಎಂದೇ ಕರೆಯುವುದು.) ಮಿಸ್ ಆರ್ಡಿತ್ ಊರೊಳಗಿನ ಮನೆ ಮಾರಿ ಕೋಳಿಯ ಹಿಂದೆ ತಾವೇ ಒಂದು ಕೋಣೆ ಕಟ್ಟಿಕೊಂಡರು. ಒಲೆ, ಮಂಚ, ಬಾತ್‌ರೂಮು, ಒಂದು ಕಿಟಕಿ.

ನಾನು ಪರಂಪರೆ ಸಮಿತಿಯಲ್ಲಿ ಗಂಟೆ ಲೆಕ್ಕದ ನೌಕರ. ಹುದ್ದೆಯ ಹೆಸರು ಸಂರಕ್ಷಣಾ ಸಹಾಯಕ, ಕೆಲಸ ಗೋಡೆ ಕೆರೆಯುವುದು. ಸಣ್ಣ ಚಾಕುವಿನಿಂದ ಅಂಗಿ ಗುಂಡಿಯಷ್ಟಗಲ ಕೆರೆದರೆ ಬಣ್ಣದ ಪದರಗಳು ಒಂದರೊಳಗೊಂದು ಕಾಣುತ್ತವೆ. ಎಣಿಸಿ ಬರೆಯಬೇಕು. ಇದಕ್ಕೆ ನಾನು ನಾಲ್ಕು ವರ್ಷ ಕಾಲೇಜಿಗೆ ಹೋಗಿದ್ದೆ. ಕೆರೆಯುವುದನ್ನು ಬೆಕ್ಕು ಹುಟ್ಟುತ್ತಲೇ ಕಲಿತಿರುತ್ತದೆ.

ಹೋದ ವರ್ಷ ರಸ್ತೆ ಅಗಲ ಮಾಡಲು ಕೋಳಿಯನ್ನು ಕೆಡವುತ್ತಾರೆಂದು ಸುದ್ದಿಯಾಯಿತು. ಕೌಂಟಿಯ ಪರಂಪರೆ ಪಟ್ಟಿಗೆ ಸೇರಿದರೆ ಮಾತ್ರ ಅದು ಉಳಿಯುತ್ತಿತ್ತು. ಮಿಸ್ ಆರ್ಡಿತ್ ತಾವಾಗಿಯೇ ಬಂದು ಕೋಳಿಯನ್ನು ಸಮಿತಿಗೆ ಬರೆದುಕೊಟ್ಟರು. ಕೇಳಿದ್ದು ಒಂದೇ: ಸಾಯುವವರೆಗೆ ಆ ಕೋಣೆಯಲ್ಲಿರಬೇಕು. ನಮ್ಮ ಅಧ್ಯಕ್ಷೆ ಮಿಸೆಸ್ ಹಾಲ್‌ಸ್ಟೆಡ್ ಅವರ ಕೈ ಹಿಡಿದು, “ಖಂಡಿತಾ ಕಣ್ರೀ, ಪತ್ರದಲ್ಲೇ ಹಾಕ್ಸೋಣ” ಎಂದರು. ಹಾಕಿಸಿದರು ಕೂಡ: ‘ಹಿಂದಿನ ಕೋಣೆ ಇರುವವರೆಗೆ ಅದರಲ್ಲಿ ವಾಸ.’

ಆಮೇಲೆ ಅರ್ಜಿ ತುಂಬಲು ನನ್ನನ್ನು ಕಳಿಸಿದರು. ಕಟ್ಟಡಕ್ಕೆ ಏನೇನು ಬದಲಾವಣೆಯಾಗಿದೆ ಎಂಬ ಕಾಲಂ ಬಂತು. ನಮ್ಮ ಕಡೆಯ ಜನಕ್ಕೆ ಒಂದು ಕಾಯಿಲೆಯಿದೆ. ರಿಪೇರಿಗೆ ಆಳು ಕರೆದವರು ನಾಚುತ್ತಾರೆ, ತಾವೇ ಮಾಡಿಕೊಂಡವರು ಕೇಳದಿದ್ದರೂ ಹೇಳುತ್ತಾರೆ. ಮಿಸ್ ಆರ್ಡಿತ್ ನನಗೆ ಜೋಳದ ರೊಟ್ಟಿ, ಬೀನ್ಸ್ ಬಡಿಸಿ ಶುರುಮಾಡಿದರು.

“ಬರ್ಕೋ ಮಗಾ. ಜುಟ್ಟು ಬಿರುಗಾಳಿಗೆ ಹಾರ್ಹೋಗಿತ್ತು, ಬಾಯ್ಲರ್ ತಗಡು ಕತ್ತರ್ಸಿ ನಾನೇ ಮಾಡ್ದೆ. ಎಡರೆಕ್ಕೆ ಬಿರುಕು ಬಿಟ್ಟಿತ್ತು, ಟಾರ್ ತುಂಬ್ದೆ. ಬಿಳೀ ಬಣ್ಣದಲ್ಲಿ ತುಕ್ಕು ಕಾಣತ್ತೆ ಅಂತ ಕೆಂಪು ಹೊಡ್ದೆ. ಬರ್ದ್ಯಾ?”

“ಬರೀತಿದೀನಿ ಮಿಸ್ ಆರ್ಡಿತ್.”

“ಈ ಕೋಣೇನೂ ಬರಿ. ಒಂದೊಂದು ಬೋಲ್ಟೂ ನಂದೇ. ಆರ್ವಲ್ ಇದ್ದಿದ್ರೆ ಸೊಟ್ಟ ಕಟ್ತಿದ್ದ.”

ನಿಯಮ ನನಗೆ ಗೊತ್ತಿತ್ತು. ಅತ್ಯಂತ ಹಳೆಯ ಫೋಟೋ ಯಾವ ವರ್ಷದ್ದೋ ಕಟ್ಟಡ ಆ ವರ್ಷಕ್ಕೆ ಮರಳಬೇಕು. ಆಮೇಲೆ ಸೇರಿದ್ದೆಲ್ಲ ಹೋಗಬೇಕು. ಕೋಳಿಯ ಫೋಟೋ ೧೯೪೯ರದು. “ಸಾಕು, ನಿಲ್ಲಿಸಿ” ಎನ್ನಬಹುದಿತ್ತು. ಆದರೆ ಅಷ್ಟು ಉದ್ದದ ವರದಿಯನ್ನು ಸಮಿತಿಯಲ್ಲಿ ಯಾರೂ ಕೊಟ್ಟಿರಲಿಲ್ಲ, ಖಾಯಂ ಆಗುವ ಆಸೆ ನನಗಿತ್ತು. ನಾಲ್ಕು ಹಾಳೆ ತುಂಬಿಸಿದೆ, ಕೋಣೆಗೆ ಅಡಿಗೆರೆ ಹಾಕಿದೆ. ಮತ್ತೆರಡು ರೊಟ್ಟಿಯನ್ನೂ ತಿಂದೆ.

ಕೋಳಿ ಪಟ್ಟಿಗೆ ಸೇರಿತು. ಕೋಣೆ ಕೆಡವಬೇಕೆಂದು ಆದೇಶವಾಯಿತು. ಮಿಸ್ ಆರ್ಡಿತ್ ಪತ್ರ ಹಿಡಿದು ಬಂದರು.

“ಸಾಯೋವರ್ಗೂ ಅಂದಿದ್ರಿ.”

“ಕೋಣೆ ಇರೋವರ್ಗೂ ಅಂತಿದೆ, ನೋಡಿ,” ಎಂದರು ಮಿಸೆಸ್ ಹಾಲ್‌ಸ್ಟೆಡ್, ಮಗುವಿಗೆ ಅಕ್ಷರ ತೋರಿಸುವ ಹಾಗೆ ಬೆರಳಿಟ್ಟು. “ನೀವೇ ಹೇಳಿದೀರಲ್ಲಾ, ಆಮೇಲೆ ಕಟ್ಟಿದ್ದು ಅಂತ. ವೇಡ್ ಎಷ್ಟು ಚೆನ್ನಾಗಿ ಬರ್ದಿದಾನೆ!”

ಮಿಸ್ ಆರ್ಡಿತ್ ನನ್ನನ್ನು ನೋಡಿದರು. ನಾನು ಸ್ಟೇಪ್ಲರ್‌ನಲ್ಲಿ ಪಿನ್ನು ಇದೆಯೇ ಎಂದು ನೋಡಿದೆ.

“ಕೋಳಿ ಉಳೀತಲ್ಲಾ?” ಎಂದು ಕೇಳಿದರು.

“ಉಳೀತು.”

“ಹಾಗಾದ್ರೆ ಸರಿ,” ಎಂದರು. ಸರಿಯಾಗಿರಲಿಲ್ಲ. ಎದ್ದು ಹೋಗಲು ಕುರ್ಚಿಯ ಕೈಯನ್ನು ಎರಡು ಸಲ ಹಿಡಿಯಬೇಕಾಯಿತು.

ಕೆಡವುವ ಕೆಲಸವೂ ನನಗೇ ಬಂತು. ವೃದ್ಧಾಶ್ರಮದ ವ್ಯಾನು ಐದು ಗಂಟೆಗೆ ಬರಬೇಕಿತ್ತು. ಅಲ್ಲಿಯವರೆಗೆ ಅವರು ಸೂಟ್‌ಕೇಸಿನ ಮೇಲೆ ಕೂತಿದ್ದರು. ನಾನು ಸುತ್ತಿಗೆಯೆತ್ತಿದ್ದೇ ಕೂಗಿದರು: “ಅಲ್ಲಲ್ಲ ಕಣೋ ಮಂಕೇ! ಆ ತೊಲೆ ತೆಗೆದ್ರೆ ಗೋಡೆ ಕೋಳೀ ಮೇಲೆ ಬೀಳತ್ತೆ. ಮೊದ್ಲು ಮೂಲೆ ಬೋಲ್ಟು ಬಿಚ್ಚು. ಬಲಕ್ಕೆ ತಿರುಗ್ಸು, ಅದು ಉಲ್ಟಾ ಹಾಕಿದೀನಿ.”

ಹೇಳಿದಂತೆ ಮಾಡಿದೆ. ಒಂದೊಂದು ಬೋಲ್ಟನ್ನೂ ಹೇಳಿಕೊಟ್ಟರು. ಗೋಡೆ ಆಚೆ ಕಡೆಗೆ ಬಿತ್ತು. ಕೋಳಿಗೆ ಒಂದು ಗೀರೂ ಆಗಲಿಲ್ಲ.

“ಎಂಥ ನಾಜೂಕು ಕೆಲ್ಸ, ವೇಡ್!” ಎಂದು ಕೆಲಸ ನೋಡಲು ಬಂದಿದ್ದ ಮಿಸೆಸ್ ಹಾಲ್‌ಸ್ಟೆಡ್ ಚಪ್ಪಾಳೆ ತಟ್ಟಿದರು. ನಾನು “ಥ್ಯಾಂಕ್ಸ್ ಮೇಡಂ” ಎಂದೆ.

ಮಿಸ್ ಆರ್ಡಿತ್ ಹತ್ತಿರ ಬಂದು ದನಿ ತಗ್ಗಿಸಿದರು. “ಒಂಚೂರು ಬಾತ್‌ರೂಮಿಗೆ ಹೋಗ್ಬೇಕಿತ್ತು.”

“ಅಯ್ಯೋ, ಇಲ್ಲಿ ಇನ್ನು ಯಾವ್ದೂ ಇಲ್ವಲ್ಲ ಡಿಯರ್,” ಎಂದರು ಮಿಸೆಸ್ ಹಾಲ್‌ಸ್ಟೆಡ್. “ ಪೆಟ್ರೋಲ್ ಬಂಕಿದೆ, ಅರ್ಧ ಮೈಲಿ ಅಷ್ಟೆ.”

ಬಿದ್ದ ತೊಲೆ, ಹಲಗೆಗಳ ನಡುವೆ ಮಿಸ್ ಆರ್ಡಿತ್‌ರ ಬಿಳಿ ಕಮೋಡು ನೆಟ್ಟಗೆ ನಿಂತಿತ್ತು, ರಸ್ತೆಗೆ ಮುಖಮಾಡಿ. ಅದನ್ನೊಮ್ಮೆ ನೋಡಿ ನಡೆಯತೊಡಗಿದರು. ನನ್ನ ಕಾರಿನ ಕೀಲಿ ನನ್ನ ಜೇಬಿನಲ್ಲೇ ಇತ್ತು.

“ವೇಡ್, ಬೆಳಕು ಚೆನ್ನಾಗಿದೆ, ಎದುರುಗಡೆಯಿಂದ ಫೋಟೋ ತೆಗಿ. ೧೯೪೯ರದ್ದರ ಥರಾನೇ ಬರ್ಬೇಕು.”

ಕ್ಯಾಮೆರಾ ಎತ್ತಿದೆ. ಮಿಸೆಸ್ ಹಾಲ್‌ಸ್ಟೆಡ್ ನನ್ನ ಭುಜದ ಮೇಲಿಂದ ಇಣುಕಿದರು.

“ಮೂಲೇಲಿ ಅವ್ರು ಬರ್ತಿದಾರೆ. ತಡಿ, ದಾಟ್ಕೊಳ್ಲಿ.”

ಮಂಡಿನೋವಿನ ಹೆಂಗಸು, ಬಹಳ ನಿಧಾನ. ನಾನು ಒಂದು ಕಣ್ಣು ಮುಚ್ಚಿ ಕಾದೆ.