ಎಂಜಿನ್ ನಿಂತದ್ದು ಮೊದಲೋ, ಸೆರಗು ಕೊಯ್ದದ್ದು ಮೊದಲೋ

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಆ ದಿನದ ಸಂಗತಿಗಳಲ್ಲಿ ಇದೊಂದು ಮಾತ್ರ ನನಗೆ ಖಚಿತವಾಗಿ ನೆನಪಿದೆ. ಮುಹೂರ್ತ ನೋಡಿ ಹೇಳುವ ಕೆಲಸ ನನ್ನದಾಗಿದ್ದರಿಂದ ಗಡಿಯಾರ ನನ್ನ ಅಂಗೈಯಲ್ಲೇ ಇತ್ತು. ಅದರ ಮುಂದಿನದೆಲ್ಲ ಕಲಸಿಹೋಗಿದೆ.

ಯೂರೋಪಿನ ದೊಡ್ಡ ಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು. ನಾನು ಬೆಂಗಳೂರಿನಲ್ಲಿ ಬಿ.ಎ. ಪರೀಕ್ಷೆ ಬರೆದು, ಫಲಿತಾಂಶ ಬರುವವರೆಗೆ ಇದ್ದು ಹೋಗೋಣವೆಂದು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿದ್ದ ಅಕ್ಕನ ಮನೆಗೆ ಬಂದಿದ್ದೆ. ಅಲ್ಲಿಯವರೆಗೆ ಭಾವನ ತೋಟಕ್ಕೆ ಕಪಿಲೆಯ ನೀರು. ಎತ್ತುಗಳು ಹಿಂದೆ ಮುಂದೆ ನಡೆದು ಚರ್ಮದ ಬಾನಿಯಲ್ಲಿ ಬಾವಿಯ ನೀರು ಎಳೆಯುತ್ತಿದ್ದವು. ಆ ವರ್ಷ ಭಾವ ರುದ್ರಪ್ಪನವರು ಬಾವಿಯ ನೀರೆತ್ತಲು ಪೆಟ್ರೋಲಿನಲ್ಲಿ ಓಡುವ ಸಣ್ಣ ಎಂಜಿನ್ ತರಿಸಿದರು. ಸುತ್ತಲಿನ ಹಳ್ಳಿಗಳಲ್ಲಿ ಅದೇ ಮೊದಲು. ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಅದನ್ನು ಕೂರಿಸಿದವರು ಚಿತ್ರದುರ್ಗದ ಖಾದರ್ ಸಾಬರು. ಶುರು ಮಾಡುವುದು ಹೇಗೆ, ನಿಲ್ಲಿಸುವುದು ಹೇಗೆ ಎಂದು ಭಾವನಿಗೂ ನನಗೂ ಚೆನ್ನಾಗಿಯೇ ತೋರಿಸಿದ್ದರು. ಶುರು ಮಾಡಲು ತಿರುಗಿಸುವ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಬೇಕು. ಇಲ್ಲದಿದ್ದರೆ ಎಂಜಿನ್ ಹಿಂದಕ್ಕೆ ಒದ್ದಾಗ ಮಣಿಕಟ್ಟು ಮುರಿಯುತ್ತದೆ. ನಿಲ್ಲಿಸಲು ಎರಡು ದಾರಿ. ಒಂದು, ಪೆಟ್ರೋಲಿನ ನಲ್ಲಿ ಮುಚ್ಚುವುದು. ಇನ್ನೊಂದು, ಆಚೆ ಬದಿಯಲ್ಲಿ ಎಂಜಿನ್ನಿನ ಗಾಲಿಯ ಹತ್ತಿರವಿದ್ದ ಮರದ ಹಿಡಿಯ ಕೀಲನ್ನು ಎಳೆದು, ಪೆಟ್ರೋಲು ಹೊತ್ತಿಸುವ ಕಿಡಿ ತಪ್ಪಿಸುವುದು.

"ಸಡಿಲ ಬಟ್ಟೆ ಹತ್ರಕ್ಕೆ ತರಬ್ಯಾಡ್ರಿ ಗೌಡ್ರೆ. ಕೆಲಸ ಮಾಡೋವಾಗ ಕಚ್ಚೆ ಬಿಗಿದಿರ್ಬೇಕು," ಎಂದಿದ್ದರು ಸಾಬರು.

"ಹೂಂ ಕಣಪ್ಪ. ಕೊಬ್ಬಿದ ಎತ್ತು ಪಳಗಿಸ್ದೋನು ನಾನು, ಇದೇನ್ ಹೆಚ್ಚು?" ಎಂದರು ಭಾವ.

ಸಾಬರು ಇನ್ನೊಂದು ಎಂಜಿನ್ ಕೂರಿಸಲು ಹೊಳಲ್ಕೆರೆಗೆ ಹೋದರು. ಪೂಜೆಯ ಮುಹೂರ್ತ ಬಂದಾಗ ಅವರು ಇರಲಿಲ್ಲ.

ಹೊಸದಾಗಿ ಬಾವಿಗೆ ಏನು ಇಳಿಸಿದರೂ ಗಂಗಮ್ಮನ ಪೂಜೆ ಮಾಡುವುದು ಆ ಮನೆಯ ಪದ್ಧತಿ. ಗಂಡ ಹೆಂಡತಿ ಜೊತೆಯಾಗಿ ಮಾಡಬೇಕು. ಗಂಡನ ಶಲ್ಯಕ್ಕೂ ಹೆಂಡತಿಯ ಸೆರಗಿಗೂ ಮುತ್ತೈದೆಯೊಬ್ಬಳು ಗಂಟು ಹಾಕುತ್ತಾಳೆ. ನೀರು ಬಂದು, ಆ ನೀರಿಗೆ ಅರಿಶಿನ ಕುಂಕುಮ ಬಿಡುವವರೆಗೆ ಗಂಟು ಬಿಚ್ಚುವಂತಿಲ್ಲ. ಕಪಿಲೆಯ ಕಾಲದಲ್ಲಿ ಇದರಿಂದ ತೊಂದರೆಯೇ ಇರಲಿಲ್ಲ. ಭಾವ ಗಂಟಿನೊಡನೆಯೇ ಎತ್ತಿನ ಬೆನ್ನು ತಟ್ಟುತ್ತಿದ್ದರು, ಅಕ್ಕ ಪಕ್ಕದಲ್ಲಿ ನಿಂತಿರುತ್ತಿದ್ದಳು.

ಸಾಬರ ಮಾತು ಯಾರೂ ಮರೆತಿರಲಿಲ್ಲ. ಅವರು ಹೇಳಿದ್ದು ಕೆಲಸದ ಹೊತ್ತಿನ ಮಾತು, ಇದು ಪೂಜೆ ಎಂದು ಎಲ್ಲರೂ ತಿಳಿದಿದ್ದೆವು.

ಅಕ್ಕನ ಅತ್ತೆ ಸಿದ್ಧಮ್ಮನವರು ಪೂಜೆಯ ಹತ್ತಿರ ಬಂದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಶುಭಕಾರ್ಯಗಳಲ್ಲಿ ತಾವಾಗಿಯೇ ದೂರ ಉಳಿಯುತ್ತಿದ್ದರು. ಅಂದೂ ಎಂಜಿನ್ ಮನೆಯ ಹಿಂದಿನ ಬಾಳೆಯ ಸಾಲಿನಲ್ಲಿ ಊಟಕ್ಕೆ ಎಲೆ ಕೊಯ್ಯುತ್ತಿದ್ದರು.

"ಟೈಮಾತೇನಪ್ಪ ಮಲ್ಲೇಶಿ?" ಎಂದರು ಪೂಜೆಯ ಅಯ್ನೋರು.

"ಆಯ್ತು," ಎಂದೆ.

ಅಕ್ಕನ ಸೆರಗಿನೊಡನೆ ಗಂಟು ಹಾಕಿಕೊಂಡೇ ಭಾವ ಹ್ಯಾಂಡಲ್ ತಿರುಗಿಸಿದರು. ಮೊದಲ ಸಲ ಬರೀ ಕೆಮ್ಮಿತು. ಯಾರೋ "ಇದ್ಕೂ ನೆಗಡಿ ಐತೆ, ಕಷಾಯ ಕುಡಿಸ್ರಿ" ಎಂದರು, ಎಲ್ಲರೂ ನಕ್ಕರು. ಮತ್ತೊಂದು ಸಲಕ್ಕೆ ಢಬ್ ಢಬ್ ಎಂದು ಹಿಡಿದುಕೊಂಡಿತು. ಎದೆ ನಡುಗುವಂಥ ಸದ್ದು. ಭಾವ ಗೆದ್ದವರಂತೆ ಹಿಂದಕ್ಕೆ ತಿರುಗಿದರು. ತಿರುಗಿದ ರಭಸಕ್ಕೆ ಇಬ್ಬರ ನಡುವೆ ಜೋತಾಡುತ್ತಿದ್ದ ಗಂಟು ಬೀಸಿ ಅಚ್ಚಿನ ಮೇಲೆ ಬಿತ್ತು. ಗಾಲಿಯನ್ನು ಅಚ್ಚಿಗೆ ಬಿಗಿದಿದ್ದ ಬೆಣೆಯ ತಲೆ ಅದನ್ನು ಹಿಡಿದುಕೊಂಡಿತು.

ಶಲ್ಯ ಭಾವನ ಹೆಗಲಿನಿಂದ ಸರಕ್ಕನೆ ಜಾರಿ ಹೋಯಿತು. ಅವರು ಉಳಿದರು. ಆದರೆ ಅಕ್ಕನ ಸೀರೆ ಮೈಗೆ ಸುತ್ತಿದ ಸೀರೆ. ಸೆರಗು ಹೆಗಲಿಗೂ ಕುತ್ತಿಗೆಗೂ ಬಿಗಿಯುತ್ತಾ ಅವಳನ್ನು ಗಾಲಿಯ ಕಡೆಗೆ ಎಳೆಯತೊಡಗಿತು. ಅಚ್ಚಿಗೆ ಎಣ್ಣೆ ಹತ್ತಿದ್ದರಿಂದ ಬಟ್ಟೆ ಜಾರುತ್ತಾ ಜಾರುತ್ತಾ ಸುತ್ತಿಕೊಳ್ಳುತ್ತಿತ್ತು. ಅದೇ ನಮ್ಮ ಪುಣ್ಯ. ಅಕ್ಕ ಎಂಜಿನ್ ಮನೆಯ ಕಂಬವನ್ನು ಒಂದು ಕೈಯಲ್ಲಿ ತಬ್ಬಿ ಹಿಡಿದಳು. ಅವಳು ಕೂಗಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಯಿ ತೆರೆದಿತ್ತು.

ಆಮೇಲಿನದನ್ನು ಎಷ್ಟು ಸಲ ಜೋಡಿಸಿದರೂ ಸರಿಹೊಂದುವುದಿಲ್ಲ. ಕಿಡಿ ತಪ್ಪಿಸುವ ಕೀಲು ಅಕ್ಕನ ಆಚೆಗಿತ್ತು, ಕೈಗೆ ಎಟುಕಲಿಲ್ಲ. ನಾನು ಈಚೆಯಿದ್ದ ನಲ್ಲಿಯನ್ನು ಮುಚ್ಚಿದೆ. ಎಂಜಿನ್ ನಿಲ್ಲಲಿಲ್ಲ! ಮುಚ್ಚಿದ ನಲ್ಲಿಯನ್ನು ಹಿಡಿದುಕೊಂಡೇ ನಾನು ಅದನ್ನು ನೋಡುತ್ತಿದ್ದೆ. ತಪ್ಪು ದಿಕ್ಕಿಗೆ ತಿರುಗಿಸಿದೆನೇ? ತೆರೆದು ಮತ್ತೆ ಮುಚ್ಚಿದೆನೇ? ನಲ್ಲಿಯಿಂದ ಮುಂದೆ ಹೋಗಿದ್ದ ಪೆಟ್ರೋಲು ಉರಿದು ತೀರುವವರೆಗೆ ಅದು ಓಡುತ್ತದೆಂದು ಆಗ ನನಗೆ ಹೊಳೆಯಲಿಲ್ಲ. ಭಾವ ಗಾಲಿಯ ಮುಂದೆ ಎರಡೂ ಕೈ ಚಾಚಿ "ಹೋ! ಹೋ!" ಎಂದು ಕೂಗುತ್ತಿದ್ದರು. ಜನ್ಮವಿಡೀ ಕಪಿಲೆಯ ಎತ್ತುಗಳನ್ನು ನಿಲ್ಲಿಸಿದ ಕೂಗು ಅದು. ಯಾರೋ "ಗಂಟು ಬಿಚ್ರೋ" ಎಂದರು. ಇನ್ಯಾರೋ "ಬ್ಯಾಡ್ರೋ, ಪೂಜೆ ಮುಗಿದಿಲ್ಲ" ಎಂದರು.

ಆಗ ಬಾಳೆಯ ಸಾಲಿನ ಕಡೆಯಿಂದ ಅತ್ತೆ ಓಡಿ ಬಂದರು. ಕುಡುಗೋಲು ಕೈಯಲ್ಲೇ ಇತ್ತು. ಅಕ್ಕನ ಹೆಗಲಿನ ಮುಂದೆ ಬಿಗಿದು ನಿಂತಿದ್ದ ಸೆರಗಿಗೆ ಕುಡುಗೋಲು ಕೊಟ್ಟು ಎಳೆದರು. ಅಕ್ಕ ಕಂಬದ ಬುಡಕ್ಕೆ ಬಿದ್ದಳು. ಎಂಜಿನ್ ನಿಂತಿತ್ತು.

ಅಕ್ಕನ ತೋಳು ಕೀಲು ತಪ್ಪಿತ್ತು. ಕುತ್ತಿಗೆಯಲ್ಲಿ ಹಗ್ಗ ಬಿಗಿದಂಥ ಗುರುತು. ಎಲ್ಲರೂ ಅವಳನ್ನು ಎತ್ತಿಕೊಂಡು ಮನೆಗೆ ನಡೆದೆವು. ಭಾವ ಎಂಜಿನ್ ಮನೆಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಅಪಶಕುನ ಆಯಿತೆಂದು ಆಮೇಲೆ ಯಾರೂ ಆ ಕಡೆ ಸುಳಿಯಲಿಲ್ಲ.

ಅಕ್ಕ ಬದುಕಿದಳು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವಾರ ಕಳೆಯುವುದರಲ್ಲಿ ಭಾವನಿಗೆ ಜ್ವರ ಬಂತು. ಊರಿನಲ್ಲಿ ಮಾತು ಹುಟ್ಟಿತು. ಗಂಡ ಸತ್ತವಳು ಮಗ ಸೊಸೆಯ ಗಂಟು ಕೊಯ್ದರೆ ಇನ್ನೇನಾಗುತ್ತದೆ ಎಂದರು ಜನ. ಎಂಜಿನ್ ತಾನಾಗಿಯೇ ನಿಂತಿತ್ತು, ಮುದುಕಿ ಸುಮ್ಮನೆ ಕೊಯ್ದಳು ಎಂದವರೂ ಇದ್ದರು. ಆ ಮಾತೇ ಅತ್ತೆಯ ಎದೆಗೆ ನಾಟಿತು. ಒಂದು ಸಂಜೆ ನನ್ನ ಪಕ್ಕ ಬಂದು ಕೂತರು.

"ಲೇ ಮಲ್ಲೇಶಿ, ನೀನು ಓದ್ದೋನು. ಹತ್ರಾನೆ ನಿಂತಿದ್ದೆ. ಹೇಳಪ್ಪ, ಮಿಷಿನ್ನು ನಿಂತಿದ್ದು ಮೊದ್ಲೋ, ನಾನು ಕೊಯ್ದಿದ್ದು ಮೊದ್ಲೋ?"

"ನೀವು ಕೊಯ್ದದ್ದೇ ಮೊದಲು ಅತ್ತೆ," ಎಂದೆ.

"ಕಣ್ಣಾರೆ ಕಂಡ್ಯಾ?"

ಕಂಡಿದ್ದೇನೆ ಎಂದು ನನಗೇ ಅನ್ನಿಸುತ್ತಿರಲಿಲ್ಲ.

"ನಿಂತ ಮೇಲೆ ಕೊಯ್ದಿದ್ರೆ, ನನ್ ಮಗನ ಆಯುಸ್ಸಿಗೆ ನಾನೇ ಕುಡುಗೋಲು ಹಾಕ್ದಂಗಾತು. ಅವ್ನು ಎದ್ದು ಕುಂತ ದಿನ ನಾನು ಹೊಸದುರ್ಗಕ್ಕೆ ಮಗಳ ಮನೆಗೆ ಹೊಂಟೋಗ್ತೀನಿ. ಈ ಮನೆ ಹೊಸ್ಲು ಮತ್ತೆ ತುಳಿಯಾಕಿಲ್ಲ."

ಅಂದಿನಿಂದ ನನಗೆ ನಿದ್ದೆ ಬರುವುದು ನಿಂತೇಹೋಯಿತು. ಕಣ್ಣು ಮುಚ್ಚಿದರೆ ಢಬ್ ಢಬ್ ಸದ್ದು. ನಲ್ಲಿ, ಭಾವನ ಕೂಗು, ಕುಡುಗೋಲು, ಮೌನ. ಮಗ್ಗುಲು ಬದಲಿಸಿದರೆ ಮೌನ ಮೊದಲು, ಕುಡುಗೋಲು ಆಮೇಲೆ. ಯಾವುದು ನಿಜವೆಂದು ನನಗೇ ತಿಳಿಯುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆಯೂ ಎದ್ದು ಕೂತಿರುವುದು ಬಳೆಯಿಲ್ಲದ ಕೈ ನೆಲಕ್ಕೆ ಊರುವ ಸಪ್ಪಳದಲ್ಲೇ ತಿಳಿಯುತ್ತಿತ್ತು.

ಭಾವನ ಜ್ವರ ಬಿಟ್ಟಿತು. ಅತ್ತೆ ಗಂಟು ಮೂಟೆ ಕಟ್ಟಿ ಹೊಸದುರ್ಗದ ಗಾಡಿಗೆ ಹೇಳಿ ಕಳಿಸಿದರು. ಅಂದೇ ಬೆಳಿಗ್ಗೆ, ವಿಷಯ ಕೇಳಿದ ಖಾದರ್ ಸಾಬರು ಹೊಳಲ್ಕೆರೆಯಿಂದ ಬಂದರು. ಎಂಜಿನ್ನನ್ನು ಬಿಚ್ಚಿ ವಾಪಸು ಒಯ್ಯಿರಿ ಎಂದರು ಭಾವ. ಸಾಬರು, "ಮೊದ್ಲು ಸುತ್ಕಂಡಿರೋ ಬಟ್ಟೆ ತೆಗೀಬೇಕು ಗೌಡ್ರೆ" ಎಂದರು.

"ಅದು ನನ್ ಸೀರೆ. ನಾನೇ ತೆಗೀತೀನಿ," ಎಂದಳು ಅಕ್ಕ.

ಬೀಗ ತೆಗೆದೆವು. ಅತ್ತೆ ಬಾಗಿಲ ಹೊರಗೇ ನಿಂತರು. ಅಕ್ಕ ನೆಟ್ಟಗಿದ್ದ ಕೈಯಿಂದ ಅಚ್ಚನ್ನು ಮುಟ್ಟಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅತ್ತೆ, ಒಳಗೆ ಬರ್ರಿ."

"ನಾನ್ಯಾಕವ್ವ?"

"ಬರ್ರಿ ಅಂದ್ರೆ ಬರ್ರಿ."

ಕುಡುಗೋಲು ಕೊಯ್ದಿದ್ದ ಸೀರೆಯ ತುದಿ ಎಲ್ಲಿಯೂ ಜೋತಾಡುತ್ತಿರಲಿಲ್ಲ. ಉಳಿದ ಬಟ್ಟೆಯ ಮೇಲೆ ಬಿಗಿಯಾಗಿ ಸುತ್ತಿಕೊಂಡು ಅಂಟಿಕೊಂಡಿತ್ತು.

"ಇದು ಕೊಯ್ದ ತುದಿ. ಕೊಯ್ದ ಮೇಲೆ ಇದನ್ನ ಸುತ್ತಿದ್ದು ಯಾರು? ಬೀಗದ ಕೀಲಿ ನಿಮ್ ಮಗನ ಸೊಂಟದಾಗಿತ್ತು. ನಿಂತ ಮಿಷಿನ್ನು ಸುತ್ತುತ್ತೇನ್ರಿ ಅತ್ತೆ?"

ಸಾಬರು ಬಗ್ಗಿ ನೋಡಿ, ಅತ್ತೆಯ ಕಡೆ ತಿರುಗಿ, "ಹೌದ್ ಕಣಮ್ಮ. ನೀವು ಕೊಯ್ದಾಗ ಇದಿನ್ನೂ ಓಡ್ತಿತ್ತು" ಎಂದರು.

ಅಕ್ಕ ಒಂದೊಂದೇ ಸುತ್ತು ಬಿಚ್ಚುತ್ತಾ ಹೋದಳು. ಎಣ್ಣೆ ಕುಡಿದು ಕಪ್ಪಾಗಿದ್ದ ಸೆರಗು, ಶಲ್ಯ. ಕಟ್ಟಕಡೆಗೆ, ಬೆಣೆಯ ತಲೆಯ ಕೆಳಗಿನಿಂದ ಗಂಟು ಹೊರಬಂತು. ಒಂದು ಕಡೆ ಶಲ್ಯ, ಇನ್ನೊಂದು ಕಡೆ ಮೊಳದುದ್ದ ಸೀರೆ. ನಡುವೆ ಅರಿಶಿನ ಹಚ್ಚಿದ್ದ ಗಂಟು ಕಲ್ಲಿನಂತೆ ಬಿಗಿದುಕೊಂಡು ಹಾಗೆಯೇ ಇತ್ತು. ಅತ್ತೆ ಕೊಯ್ದದ್ದು ಸೀರೆಯನ್ನು.

ಅಕ್ಕ ಅದನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಬೆರಳಿನಿಂದ ಒತ್ತಿ ಒತ್ತಿ ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಗಾಡಿಯೋನ್ಗೆ ಹೋಗು ಅನ್ರಪ್ಪ" ಎಂದಷ್ಟೇ ಹೇಳಿದರು.

ಎಂಜಿನ್ ವಾಪಸು ಹೋಗಲಿಲ್ಲ. ಅದೇ ದಿನ ಭಾವ ಕಚ್ಚೆ ಬಿಗಿದು, ಬರೀ ಮೈಯಲ್ಲಿ ಅದನ್ನು ಶುರು ಮಾಡಿದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದೂರ ನಿಂತಳು. ನೀರು ಕಾಲುವೆಗೆ ಬಿದ್ದಾಗ ಅರಿಶಿನ ಕುಂಕುಮ ಬಿಟ್ಟಳು. ನಿಲ್ಲಿಸುವ ಹೊತ್ತಿಗೆ ಸಾಬರು ಅತ್ತೆಗೆ ಮರದ ಹಿಡಿಯ ಕೀಲನ್ನು ತೋರಿಸಿ, "ಇದನ್ನ ಎಳೀರಿ ಅಮ್ಮ, ಹೆದರಬ್ಯಾಡ್ರಿ" ಎಂದರು. ಅತ್ತೆ ಸೆರಗನ್ನು ಎರಡೆರಡು ಸಲ ಬಿಗಿದುಕೊಂಡು ಹತ್ತಿರ ಹೋಗಿ ಎಳೆದರು. ಸದ್ದು ನಿಂತಿತು. ಗಾಲಿ ಮಾತ್ರ ಇನ್ನೂ ಸ್ವಲ್ಪ ತಿರುಗಿತು. ಅದು ಪೂರ್ತಿ ನಿಲ್ಲುವವರೆಗೆ ಅತ್ತೆ ಮೆಲ್ಲಗೆ "ಹೋ... ಹೋ..." ಎನ್ನುತ್ತಿದ್ದರು.

ಮದುವೆಮನೆಗಳಲ್ಲಿ ಗಂಟು ಹಾಕಿಕೊಂಡ ವಧೂವರರನ್ನು ಕಂಡರೆ ಇವತ್ತಿಗೂ ನನ್ನ ಕಣ್ಣು ಅವರ ಸುತ್ತ ಏನೇನು ತಿರುಗುತ್ತಿದೆ ಎಂದು ಹುಡುಕುತ್ತದೆ. ಆ ಕ್ಷಣದಲ್ಲಿ ಯಾವುದರ ಮೇಲೆ ಯಾವುದು ನಡೆಯಿತೆಂದು ಬಟ್ಟೆ ಹೇಳಿತೇ ಹೊರತು, ನನ್ನ ಕಣ್ಣು ಇನ್ನೂ ಹೇಳಿಲ್ಲ.

ಗಂಟು ಸಿಕ್ಕಿದ ದಿನ ರಾತ್ರಿ ಪಕ್ಕದ ಕೋಣೆಯಿಂದ ಅತ್ತೆಯ ಗೊರಕೆ ಕೇಳಿಸಿತು. ಅದನ್ನೇ ಕೇಳುತ್ತಾ ಮಲಗಿದವನಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ತೋಟದ ಕಡೆಯಿಂದ ಢಬ್ ಢಬ್ ಸದ್ದು ಬರುತ್ತಿತ್ತು.