ಕಪ್ಪೆಯ ಮೈಗೆ ಮೆತ್ತಿದ ಅರಿಶಿನ

ಚಳ್ಳಕೆರೆಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೊಬೈಲಿನಲ್ಲಿ ಒಂದು ಹಳೆಯ ಪ್ರಯೋಗದ ವಿಡಿಯೊ ತೋರಿಸುತ್ತಿದ್ದರು. ಉಪ್ಪುನೀರಿನ ಎರಡು ಪಾತ್ರೆಗಳ ನಡುವೆ ಬಿಗಿದ ಕಪ್ಪೆಯ ಚರ್ಮ, ಪಕ್ಕದಲ್ಲಿ ಮೀಟರು. ಚರ್ಮ ಉಪ್ಪಿನ ಕಣಗಳನ್ನು ಒಳಕ್ಕೆ ಎಳೆದುಕೊಳ್ಳುವಾಗ ಸಣ್ಣದೊಂದು ವಿದ್ಯುತ್ತು ಹುಟ್ಟಿ ಮೀಟರಿನ ಮುಳ್ಳು ಅಲುಗುತ್ತಿತ್ತು. ನಾವು ಅವರನ್ನೇ ನೋಡುತ್ತ ಕೂತರೆ ಮೇಜು ಕುಟ್ಟುತ್ತಿದ್ದರು: “ಮುಳ್ಳು ನೋಡ್ರಿ, ನನ್ನ ಮುಖ ನೋಡಬ್ಯಾಡ್ರಿ! ಕಪ್ಪೆ ನೀರು ಕುಡಿಯೋದೂ ಈ ಚರ್ಮದಿಂದ್ಲೇ.”

ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದೆ.

ಆ ವರ್ಷ ಮಳೆ ಬರಲಿಲ್ಲ. ನಮ್ಮೂರು ರಾಂಪುರದಲ್ಲಿ ಕಪ್ಪೆ ಮದುವೆ ಮಾಡಿದರು. ಎರಡು ಕಪ್ಪೆಗಳಿಗೆ ಮೈತುಂಬ ಅರಿಶಿನ ಮೆತ್ತಿ, ಮೊರಕ್ಕೆ ಕಟ್ಟಿ, ಉರಿಬಿಸಿಲಲ್ಲಿ ಮನೆಮನೆ ತಿರುಗಿಸಿದೆವು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದ ಮೇಡಂ ಇದನ್ನು ಕಂಡವರೇ ಓಡಿಬಂದು, ತಮ್ಮ ಬಾಟಲಿಯ ನೀರನ್ನೆಲ್ಲ ಮೊರಕ್ಕೆ ಸುರಿದು ಅರಿಶಿನ ತೊಳೆಯತೊಡಗಿದರು.

“ಶಾಸ್ತ್ರ ಕೆಡಸ್ತೀರಲ್ರೀ!” ಎಂದು ನಮ್ಮವ್ವ ರೇಗಿದಳು.

“ನೀರು ಕೇಳಾಕೆ ಹೊಂಟು, ಅದು ನೀರು ಕುಡಿಯೋ ಮೈಯನ್ನೇ ಮುಚ್ಚಿದೀರಲ್ಲವ್ವ! ಯಾರು ಮೆತ್ತಿದ್ದು ಇದನ್ನ?”

ನಾನು ಹಳದಿಯಾಗಿದ್ದ ನನ್ನ ಕೈಗಳನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡೆ. ಒಂದು ಕಪ್ಪೆ ಕಾಲು ಝಾಡಿಸಿತು. ಇನ್ನೊಂದು ಅಲುಗಲೇ ಇಲ್ಲ. ನಾನು ಮೆಲ್ಲಗೆ ಮೇಡಂ ಕಡೆ ಕಣ್ಣೆತ್ತಿದೆ.

“ಕಪ್ಪೆ ನೋಡು,” ಎಂದರು. “ನನ್ನ ಮುಖ ನೋಡಬ್ಯಾಡ.”