ಹೆಪ್ಪಿನ ಮೇಲೆ ಬಂದ ಅಪವಾದ

ಬೆಳಗಿನ ಆರು ಗಂಟೆ. ನಾರ್ವೆಯ ಪಡುವಣ ಕಣಿವೆಯೊಂದರಲ್ಲಿ, ಊದ್ಮುಂಡ್ ಅವರ ಮನೆಯ ಹಿಂದಿನ, ಬಿಯರು ಮಾಡುವ ಕೊಟ್ಟಿಗೆಯಲ್ಲಿ, ಎಪ್ಪತ್ತೊಂದು ವರ್ಷದ ಗುನ್ವೋರ್ ಮರದ ಬಟ್ಟಲನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದಾರೆ. ಬಿಯರಿಗೆ ಆಸ್ಪತ್ರೆಯ ವಾಸನೆ. ಊದ್ಮುಂಡ್ ಅವರ ಮಗಳ ಮದುವೆಗೆ ಇನ್ನು ಎಂಟೇ ದಿನ.

ಊದ್ಮುಂಡ್ ಕೈಯಲ್ಲೊಂದು ಮರದ ಬಳೆ. ಅದಕ್ಕೆ ಅಂಟಿ ಒಣಗಿರುವುದು ಬಿಯರಿನ ಹೆಪ್ಪು. ಮುತ್ತಜ್ಜಿಯ ಕಾಲದಿಂದ ಉಳಿಸಿಕೊಂಡು ಬಂದ ಯೀಸ್ಟು. ಒಲೆಯ ಬಾಗಿಲು ತೆರೆದೇ ಇದೆ.

"ಇದು ಕೆಟ್ಟಿದೆ ಗುನ್ವೋರಕ್ಕ. ಸುಟ್ಟುಬಿಟ್ಟು ಪೇಟೆಯದ್ದು ತರಿಸ್ತೀನಿ."

"ಸುಡುವೆಯಂತೆ, ಮೊದಲು ಇಲ್ಲಿ ಕೊಡು. ನಿನ್ನ ಮುತ್ತಜ್ಜಿ ಏನಪ್ಪಾ ತಪ್ಪು ಮಾಡಿದ್ಲು?"

ಉಗುರಲ್ಲಿ ಒಂದು ಚೂರು ಎಬ್ಬಿಸಿ ನಾಲಗೆಗೆ ಇಟ್ಟುಕೊಳ್ಳುತ್ತಾರೆ. "ಕಿತ್ತಳೆ ಸಿಪ್ಪೆಯ ಘಮ, ಒಳ್ಳೆ ಹೆಪ್ಪಿನ ಗುರುತು. ಪಾಪ, ಇದರ ತಪ್ಪೇನೂ ಇಲ್ಲ."

ಮೂವತ್ತು ವರ್ಷ ಡೇರಿಯಲ್ಲಿ ಬೆಣ್ಣೆಯ ರುಚಿ ನೋಡಿ ದರ್ಜೆ ಹೇಳುತ್ತಿದ್ದವರು ಗುನ್ವೋರ್. ಈಗ ಅಕ್ಟೋಬರಿನಿಂದ ಕ್ರಿಸ್‌ಮಸ್‌ವರೆಗೆ ನಲವತ್ತು ಮನೆಗಳ ಬಿಯರು ಮೂಸುತ್ತಾರೆ. "ಬೆಣ್ಣೆ ವಾಸನೆ ಬಂದ್ರೆ ಆತುರ, ಹೆಪ್ಪು ಕೆಲಸ ಮುಗಿಸೋ ಮೊದಲೇ ಇಳಿಸಿದ್ದಾರೆ. ಒದ್ದೆ ರಟ್ಟಿನ ವಾಸನೆ ಬಂದ್ರೆ ಗಾಳಿ ಹೊಕ್ಕಿದೆ. ಬಿಯರು ಸುಳ್ಳು ಹೇಳಲ್ಲ. ಮಾಡಿದವರು ಹೇಳ್ತಾರೆ."

ನಾಲ್ಕು ಚಳಿಗಾಲದ ಹಿಂದೆ ಒಂದು ಜ್ವರ ಆ ಮೂಗನ್ನೇ ಕಸಿದುಕೊಂಡಿತ್ತು. ಏಳು ತಿಂಗಳು ಕಾಫಿಯೂ ಬರೀ ಬಿಸಿನೀರು. ದಿನಾ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು ಬೆಣ್ಣೆ, ಸೇಬು, ಒದ್ದೆ ರಟ್ಟು ತುಂಬಿದ ಸೀಸೆಗಳನ್ನು ಒಂದೊಂದಾಗಿ ಮೂಸುತ್ತಿದ್ದರು, ಮಗು ಅಕ್ಷರ ತಿದ್ದಿದ ಹಾಗೆ. "ಮೊದಲು ವಾಪಸ್ ಬಂದದ್ದು ಒದ್ದೆ ರಟ್ಟು! ಖುಷಿಗೆ ಅತ್ತುಬಿಟ್ಟೆ."

ಈಗ ಅವರು ಆ ಬಿಯರು ಹುದುಗಿಸಿದ್ದ ಖಾಲಿ ಮರದ ತೊಟ್ಟಿಗೆ ಕುದಿನೀರು ಹುಯ್ದು ಮುಚ್ಚಳ ಹಾಕುತ್ತಾರೆ. ಸ್ವಲ್ಪ ಹೊತ್ತು ಕಾದು ತೆಗೆಯುತ್ತಾರೆ. ಅದೇ ಆಸ್ಪತ್ರೆ, ಮುಖಕ್ಕೆ ರಾಚುತ್ತದೆ.

"ಇದನ್ನ ತೊಳೆದವರು ಯಾರು?"

ಬಾಗಿಲಲ್ಲಿ ನಿಂತಿದ್ದ ಭಾವಿ ಅಳಿಯ, ಪಟ್ಟಣದ ಐವಿಂದ್, ಕಿವಿಯವರೆಗೂ ಕೆಂಪಾಗುತ್ತಾನೆ. "ನಾನೇ. ಇಲ್ಲಿಯವರ ಹಾಗೆ ಬರೀ ಜುನಿಪರ್ ಸೊಪ್ಪು ಕುದಿಸಿದ ನೀರಲ್ಲಿ ಏನು ಶುಚಿಯಾಗುತ್ತೆ ಅಂತ... ಬ್ಲೀಚ್ ಹಾಕ್ದೆ. ಆಮೇಲೆ ಮೂರು ಸಲ ತೊಳೆದಿದ್ದೀನಿ!"

"ಅಯ್ಯೋ ಪುಣ್ಯಾತ್ಮ! ಮೂವತ್ತು ಸಲ ತೊಳೆದ್ರೂ ಮರ ಕುಡಿದದ್ದನ್ನ ಬಿಡಲ್ಲ."

ಊದ್ಮುಂಡ್ ಮೆಲ್ಲಗೆ ಬಳೆಯನ್ನು ಎದೆಗೆ ಒತ್ತಿಕೊಳ್ಳುತ್ತಾರೆ. "ಹಾಗಾದ್ರೆ ಒಲೆಗೆ ಇವನನ್ನೇ ಹಾಕ್ಲಾ?"

"ಬೇಡ, ಮದುವೆಗೆ ಬೇಕಾಗ್ತಾನೆ. ನನ್ನ ತೊಟ್ಟಿ ತಗೊಂಡು ಬಾ. ತೊಳೆಯೋದು ಇವನೇ. ಜುನಿಪರ್ ನೀರಲ್ಲಿ."

ನಾಲ್ಕನೆಯ ದಿನ, ಊರ ಪದ್ಧತಿಯಂತೆ, ಅದೇ ಹೆಪ್ಪು ಹಾಕಿದ ಹೊಸ ಬಿಯರು ಇಳಿಸುವ ಹೊತ್ತಿಗೆ ನೆರೆಹೊರೆಯವರೆಲ್ಲ ಸೇರಿದ್ದಾರೆ. ಮೊದಲ ಬಟ್ಟಲು ಗುನ್ವೋರ್ ಕೈಗೆ. ಮೂಸುತ್ತಾರೆ. ಕುಡಿಯುತ್ತಾರೆ. ಇಡೀ ಕೊಟ್ಟಿಗೆ ಅವರ ಮೂಗನ್ನೇ ನೋಡುತ್ತಿದೆ.

"ಹೇಗಿದೆ ಅಜ್ಜಿ?" ಐವಿಂದ್ ಮುಂದೆ ಬಂದು ಕೇಳುತ್ತಾನೆ.

"ಹೇಳೋಕೇನೂ ಇಲ್ಲ," ಎಂದು ಗುನ್ವೋರ್ ಖಾಲಿ ಬಟ್ಟಲನ್ನು ಮತ್ತೆ ಮುಂದೆ ಚಾಚುತ್ತಾರೆ.